ಮಾಮಾ ಮುಂದೂಡುತ್ತಿದ್ದ ಪಾಠ

ಮಾಮಾ ಮಾತಾಡುವ ಮೊದಲು ಅವರ ಗಂಟಲಮಣಿ ಮೇಲಕ್ಕೇರುತ್ತಿತ್ತು. ಉದ್ದನೆಯ ಸಣಕಲು ಕೊರಳು, ಅದರ ನಡುವೆ ಅಡಿಕೆ ಗಾತ್ರದ ಮಣಿ. ಅದು ಏರಿ, ಒಂದು ಕ್ಷಣ ಅಲ್ಲೇ ತಡೆದು, ಕೆಳಗಿಳಿಯುತ್ತಿತ್ತು. ಇಂಗ್ಲಿಷ್ ಪಾಠದ ಮಾತಾದರೆ ಹಿಂದೆಯೇ ಮಾತೂ ಬರುತ್ತಿತ್ತು. ಮನೆತನದ ಮಾತಾದರೆ ಮಣಿ ಏರಿ ಇಳಿದು ಸುಮ್ಮನಾಗುತ್ತಿತ್ತು, ಮಾತು ಮಾತ್ರ ಹೊರಗೆ ಬೀಳುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನು, ಪಾಪ ಇವರಿಗೆ ಗಂಟಲಲ್ಲಿ ಏನೋ ಬೇನೆ ಇರಬೇಕು ಎಂದುಕೊಂಡಿದ್ದೆ.

ಅವರು ನನ್ನ ಅತ್ತೆಯ ಒಡಹುಟ್ಟಿದ ಅಣ್ಣ. ಗಂಡ ಕರೆದಂತೆ ನಾನೂ ಮಾಮಾ ಎಂದೇ ಕರೆಯುತ್ತಿದ್ದೆ. ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ನಮ್ಮ ಹಳೆಯ ಕಟ್ಟಡದಲ್ಲಿ ತೆಲುಗರು, ಉರ್ದು ಮಾತಾಡುವವರು, ಮಾರವಾಡಿಗಳು ಎಲ್ಲರಿಗೂ ಅವರು ಮಾಮಾನೇ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕೆಳಗಿನ ಎರಡು ಕೋಣೆಯಲ್ಲಿ ಅವರು, ಮೇಲೆ ನಾವು. ಎರಡು ಹೊತ್ತಿನ ಊಟ ನಮ್ಮಲ್ಲಿಂದಲೇ ಹೋಗುತ್ತಿತ್ತು. ಸರ್ಕಾರಿ ಕಚೇರಿಯೊಂದರಲ್ಲಿ ಇಂಗ್ಲಿಷ್ ಪತ್ರಗಳ ಕರಡು ಬರೆಯುವ ಕೆಲಸ ಮಾಡಿ, ತೆಲಂಗಾಣ ಬೇರೆಯಾದ ಹೊಸದರಲ್ಲಿ ನಿವೃತ್ತರಾಗಿದ್ದರು. ಸಾಹೇಬರು ಸಿಟ್ಟಿನಲ್ಲಿ ಹೇಳಿದ್ದನ್ನು ಇವರು ಕಾಗದದ ಮೇಲೆ ಮೆತ್ತಗೆ ಮಾಡುತ್ತಿದ್ದರಂತೆ. ಅವರ ಕೈಯಿಂದ ಹೋದ ಒಂದು ಪತ್ರವೂ ಯಾರನ್ನೂ ನೋಯಿಸಿದ್ದಿಲ್ಲ ಎಂಬುದು ಅವರ ಹೆಮ್ಮೆ.

ನಿವೃತ್ತಿಯ ಮೇಲೆ ರವಿವಾರ ಮಧ್ಯಾಹ್ನ ತಮ್ಮ ಹೊರಕೋಣೆಯಲ್ಲಿ ಇಂಗ್ಲಿಷ್ ಹೇಳಿಕೊಡಲು ಹಿಡಿದರು. ಫೀಸು ಗೀಸು ಏನಿಲ್ಲ. ಇಡೀ ವ್ಯಾಕರಣದಲ್ಲಿ ಅವರಿಗೆ ಪ್ರೀತಿ ಇದ್ದದ್ದು ಒಂದರ ಮೇಲೆಯೇ: ಕ್ಯಾನ್, ಕುಡ್, ಮೇ, ಮೈಟ್, ಶುಡ್, ಮಸ್ಟ್ ಎಂಬ ಸಣ್ಣ ಸಣ್ಣ ಕ್ರಿಯಾಪದಗಳ ಮೇಲೆ. ಉಳಿದ ಕ್ರಿಯಾಪದಗಳು ಮಾಡಿದ್ದನ್ನು ಹೇಳುತ್ತವೆ, ಇವು ಮಾಡಬಹುದೋ, ಮಾಡಬೇಕೋ, ಮಾಡಲು ಬಿಡುತ್ತಾರೋ ಎಂಬುದನ್ನು ಹೇಳುತ್ತವೆ, ಮನುಷ್ಯನ ಸಂಸಾರವೆಲ್ಲ ಇರುವುದು ಇವುಗಳಲ್ಲೇ ಎನ್ನುತ್ತಿದ್ದರು. ಒಂದು ರವಿವಾರಕ್ಕೆ ಒಂದೇ ಪದ. ಆ ದಿನ ಮನೆಯಲ್ಲಿ ನೀರು ಕೇಳುವುದಿದ್ದರೂ ಅದೇ ಪದ ಹಚ್ಚಿ ಕೇಳಬೇಕು.

ಕಲಬುರ್ಗಿ ಕಡೆಯಿಂದ ಬಂದ ನನ್ನಂಥವಳಿಗೆ ಅವರು ಮೊದಲ ದಿನ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ನೋಡವಾ, ಇಂಗ್ಲೀಷಿಗೆ 'ರಿ' ಇಲ್ಲ. ನಾವು ಬರ್ರಿ, ಕುಂದರ್ರಿ, ಹೇಳ್ರಿ ಅಂತೀವಿ. ಅವರು ಪಾಪ ಏನ್ ಮಾಡಬೇಕು? ಅದಕ್ಕ ಕುಡ್, ವುಡ್ ಇಟಗೊಂಡಾರ. ನಿನ್ನ ನಾಲಿಗಿ ಎಲ್ಲಿ 'ರಿ' ಅಂತೈತೊ ಅಲ್ಲಿ ಒಂದ್ ಕುಡ್ ಹಾಕು, ತಪ್ಪೂದಿಲ್ಲ."

ಎಷ್ಟೋ ವರ್ಷ ಕಾಲೇಜಿನಲ್ಲಿ ತಲೆಗೆ ಹೋಗದೇ ಇದ್ದದ್ದು ಆ ಒಂದು ಮಾತಿಗೆ ಹೋಯಿತು. ಆ ವಾರವೇ ನನ್ನನ್ನು ಇರಾನಿ ಚಹಾದ ಅಂಗಡಿಗೆ ಕರೆದುಕೊಂಡು ಹೋಗಿ, ಸಕ್ಕರೆ ಕಡಿಮೆ ಹಾಕಿಕೊಡಲು ಕುಡ್ ಹಚ್ಚಿ ಕೇಳು ಎಂದರು. ನಾನು ಕೇಳಿದೆ. ಚಹಾ ತರುವವನು ನನ್ನ ಮುಖ ನೋಡಿದ, ಮಾಮಾನ ಮುಖ ನೋಡಿದ, "ಕ್ಯಾ ಬೋಲ್ರೀ ಚಚ್ಚಾ ಇನೆ?" ಎಂದು, ಈಕೆ ಏನನ್ನುತ್ತಿದ್ದಾಳೆಂದು ಅವರನ್ನೇ ಕೇಳಿದ. ಮಾಮಾ ಅವನಿಗೂ ಅಲ್ಲೇ ಒಂದು ಪಾಠ ಮಾಡಿದರು. ಚಹಾ ಆರಿ ತಣ್ಣಗಾಯಿತು, ಸಕ್ಕರೆಯಂತೂ ಎಂದಿನಷ್ಟೇ ಇತ್ತು.

ಅವರದೊಂದು ಹಟವಿತ್ತು. ಪುಸ್ತಕದ ಸುಳ್ಳು ವಾಕ್ಯಗಳನ್ನು ಹೇಳಗೊಡುತ್ತಿರಲಿಲ್ಲ. ಹುಡುಗ ಮರ ಹತ್ತಬಲ್ಲ, ರಾಜ ಬರಬಹುದು, ಇಂಥವನ್ನು ಹೇಳಿದರೆ ಕೈಯಾಡಿಸಿ ತಳ್ಳಿಬಿಡುತ್ತಿದ್ದರು. "ಯಾವ ಹುಡುಗ? ಯಾವ ರಾಜಾ? ಇವೆಲ್ಲ ಹಳಸಿದ ಅನ್ನ. ಖರೇ ವಾಕ್ಯ ಹೇಳ್ರಿ. ಈ ಮನ್ಯಾಗ ಇರೋ ಮಂದಿಗೆ, ನಿಮಗ ಖರೇನ ಅನ್ನಬೇಕು ಅನಿಸಿದ್ದು ಅನ್ರಿ." ಶುಡ್ ಕಲಿಸಿದ ರವಿವಾರ ನಮ್ಮ ಪಕ್ಕದ ಮನೆಯ ತೆಲುಗು ಅಕ್ಕ ಈ ಮಾತನ್ನು ಗಟ್ಟಿಯಾಗಿ ಹಿಡಿದು, ಮಾಮಾ ನೀವು ಈ ಹರಕು ಬನಿಯನ್ ಎಸೆಯಬೇಕು ಎಂದು ಇಂಗ್ಲಿಷಿನಲ್ಲಿ ಸ್ವಚ್ಛವಾಗಿ ಹೇಳಿಬಿಟ್ಟಳು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಮುಂದಿನ ರವಿವಾರ ಮಾಮಾ ಹೊಸ ಬನಿಯನ್ ಹಾಕಿಕೊಂಡು ಕುಳಿತಿದ್ದರು. ಕ್ಲಾಸಿನ ಮಂದಿಯ ಮಾತಿಗೆ ಇಷ್ಟು ಬೆಲೆ ಕೊಡುವವರನ್ನು ನಾನು ಬೇರೆಲ್ಲೂ ನೋಡಿರಲಿಲ್ಲ.

ಅತ್ತೆಯೂ ಅಲ್ಲೇ ಇರುತ್ತಿದ್ದರು. ಕ್ಲಾಸಿಗೆಂದಲ್ಲ. ಬಾಗಿಲ ಬಳಿ ಕಾಲು ಚಾಚಿ ಕುಳಿತು ಮೆಂತ್ಯೆ ಪಲ್ಲೆ ಸೋಸುತ್ತಲೋ ಅಕ್ಕಿ ಆರಿಸುತ್ತಲೋ ಇರುತ್ತಿದ್ದರು. ಅಣ್ಣ ಪಾಠ ಹೇಳುವುದನ್ನು ಕೇಳುವುದೆಂದರೆ ಅವರಿಗೆ ಪುರಾಣ ಕೇಳಿದಷ್ಟು ಸಂತೋಷ. ಏನು ತಿಳಿಯುತ್ತದೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ನನಗೇನ್ ತಿಳೀತೈತಿ, ನಮ್ಮಣ್ಣನ ಧ್ವನಿ ಕೇಳಾಕತ್ತೀನಿ" ಎಂದಿದ್ದರು. ಆ ಮನೆಯಲ್ಲಿ ಅಣ್ಣನನ್ನು ಕೇಳದೆ ಒಂದು ಕುಕ್ಕರೂ ಬಂದದ್ದಿಲ್ಲ. ಅವರು ಹ್ಞೂಂ ಎಂದರೆ ಹ್ಞೂಂ. ಅವರು ಏನೂ ಅನ್ನದಿದ್ದರೆ, ಅತ್ತೆ ಮೊದಲೇ ಮನಸ್ಸಿನಲ್ಲಿ ಮಾಡಿಕೊಂಡದ್ದೇ ಆಗುತ್ತಿತ್ತು.

ನನ್ನ ಪೇಚು ಇದ್ದದ್ದು ಅಲ್ಲೇ. ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ ವಿಮೆಯ ಗಿರಾಕಿಗಳ ಫೋನು ತೆಗೆದುಕೊಂಡು ಉತ್ತರ ಹೇಳುವ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಬುಧವಾರ ಇಂಟರ್ವ್ಯೂಗೆ ಬನ್ನಿ ಎಂದು ಕರೆ ಬಂತು. ಬಿ.ಕಾಂ. ಮಾಡಿ ಮನೆಯಲ್ಲಿ ರೊಟ್ಟಿ ಬಡಿಯುತ್ತ ನನಗೆ ಉಸಿರು ಕಟ್ಟುತ್ತಿತ್ತು, ಇದನ್ನು ಮುಚ್ಚಿಟ್ಟು ಹೇಳುವುದೇನಿದೆ. ಅತ್ತೆ ಒಂದೇ ಮಾತಿನಲ್ಲಿ ಬೇಡ ಎಂದರು. "ನಮ್ಮ ಮಂದ್ಯಾಗ ಸೊಸಿ ಕಂಪನಿ ಗಾಡ್ಯಾಗ ಹೋಗಿ ಬರೋದು ಇನ್ನೂ ಬಂದಿಲ್ಲವಾ. ಸಿಕಂದರಾಬಾದಿನವರು ಏನಂದಾರು?" ಸಿಕಂದರಾಬಾದಿನವರು ಎಂದರೆ ಅತ್ತೆಯ ದೊಡ್ಡಪ್ಪನ ಮನೆತನ. ದೊಡ್ಡ ವ್ಯಾಪಾರಸ್ಥರು, ನಮ್ಮ ಕುಲದ ಹೈದರಾಬಾದ್ ಮಂದಿಗೆಲ್ಲ ಹಿರಿಯರು. ಗಂಡನನ್ನು ಕೇಳಿದೆ. ಅವರು, "ಅವ್ವ ಹ್ಞೂಂ ಅಂದ್ರ ನಂದೇನೈತಿ" ಎಂದು ಅಂಗಡಿಗೆ ಹೋದರು. ಉಳಿದವರು ಮಾಮಾ. ಅವರಿಗೆ ಎಲ್ಲ ಗೊತ್ತಿತ್ತು. ಇಂಟರ್ವ್ಯೂಗೆ ಬೇಕಾದ ಮಾತುಗಳನ್ನು ವಾರಪೂರ್ತಿ ಅವರೇ ಹೇಳಿಕೊಟ್ಟಿದ್ದರು. ಅವರು ಒಂದು ಮಾತು ಹೇಳಿದರೆ ಸಾಕು, ಹೇಳಿಯೇ ಹೇಳುತ್ತಾರೆ ಎಂದು ನಾನು ನಂಬಿಕೊಂಡಿದ್ದೆ.

ಮಸ್ಟ್ ಪಾಠ ಮಾತ್ರ ಬಾಕಿ ಇತ್ತು. ಪ್ರತಿ ರವಿವಾರವೂ ಅದನ್ನು ಮುಂದಕ್ಕೆ ಹಾಕುತ್ತಿದ್ದರು. ಇನ್ನೊಮ್ಮೆ ಮೇ ನೋಡೋಣ, ಮೈಟ್ ಪಕ್ಕಾ ಆಗಿಲ್ಲ, ಹೀಗೆ ಏನಾದರೊಂದು. ನಾನು ಬೆನ್ನು ಹತ್ತಿದೆ. ಗಿರಾಕಿಗಳಿಗೆ ಕಾಗದ ಪತ್ರ ಕೊಡಲೇಬೇಕು ಎಂದು ಹೇಳಲು ಬರದಿದ್ದರೆ ನನ್ನನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದು ಕೇಳಿದೆ. ಮಣಿ ಏರಿತು, ಇಳಿಯಿತು. "ಅದು ಭಾಳ ಬಿರುಸು ಪದ ಐತವಾ. ನಮ್ಮ 'ಬೇಕು' ಅನ್ನೋದು ಬೇಡೋದೂ ಹೌದು, ಬಡಿಯೋದೂ ಹೌದು. ಮಸ್ಟ್ ಬರೇ ಬಡೀತೈತಿ" ಎಂದರು. ಕೊನೆಗೆ ಇಂಟರ್ವ್ಯೂ ಹಿಂದಿನ ರವಿವಾರ ಒಪ್ಪಿಕೊಂಡರು.

ಅಂದು ಕೋಣೆಯಲ್ಲಿ ಇದ್ದವರು ನಾನು, ತೆಲುಗು ಅಕ್ಕ, ಬಾಗಿಲಲ್ಲಿ ಅತ್ತೆ. ಮಾಮಾ ಪದದ ಲಕ್ಷಣವನ್ನೆಲ್ಲ ವಿವರಿಸಿ, ತಮ್ಮ ರೂಢಿಯಂತೆ ಖರೇ ವಾಕ್ಯ ಹೇಳಿ ಎಂದರು. ತೆಲುಗು ಅಕ್ಕ ತನ್ನ ಗಂಡ ಸಿಗರೇಟು ಬಿಡಬೇಕು ಎಂಬಂತೆ ಏನೋ ಹೇಳಿದಳು. ನನ್ನ ಸರದಿ ಬಂತು. ನಾನು ಎದ್ದು ನಿಂತೆ, ಯಾಕೆ ನಿಂತೆನೋ ಗೊತ್ತಿಲ್ಲ. ಅತ್ತೆಯ ಕಡೆ ತಿರುಗಿ, ತೊದಲದೆ ಹೇಳಿದೆ. "ಅತ್ತಿ, ಯೂ ಮಸ್ಟ್ ಲೆಟ್ ಮಿ ಗೋ ಆನ್ ವೆಡ್ನೆಸ್‌ಡೇ."

ಬುಧವಾರ ನನ್ನನ್ನು ಕಳಿಸಲೇಬೇಕು ಎಂದು ಅತ್ತೆಗೆ ಅವರ ಮುಖದ ಮುಂದೆ ಹೇಳಿದ್ದೆ. ಕನ್ನಡದಲ್ಲಿ ಆಗಿದ್ದರೆ ಸತ್ತರೂ ಬಾಯಿ ಬರುತ್ತಿರಲಿಲ್ಲ. ಅತ್ತೆಯ ಕೈ ಪಲ್ಲೆಯ ಮೇಲೆ ನಿಂತಿತು. ಅವರು ನನ್ನನ್ನು ನೋಡಲಿಲ್ಲ, ಅಣ್ಣನನ್ನು ನೋಡಿದರು. "ಏನಂದ್ಲಪಾ ಈಕಿ?"

ಇಷ್ಟೇ ಸಾಕಿತ್ತು. ನಾನು ಅಂದದ್ದನ್ನು ಕನ್ನಡದಲ್ಲಿ ಹೇಳಿದರೆ ಮುಗಿಯಿತು. ಕಳಿಸು ಎನ್ನುವುದೂ ಬೇಕಿರಲಿಲ್ಲ. ಮಾಮಾನ ಮಣಿ ಏರಿತು. ನಾನು ಅದನ್ನೇ ನೋಡುತ್ತಿದ್ದೆ. ಅದು ಇಳಿಯಿತು. ಅವರು ಕನ್ನಡಕ ತೆಗೆದು ಒರೆಸುತ್ತ, "ಏನಿಲ್ಲ ಬಿಡು. ವಾಕ್ಯ ಬರೋಬರಿ ಐತಿ. ಮುಂದ ಯಾರು?" ಎಂದರು.

ಮುಂದೆ ಯಾರೂ ಇರಲಿಲ್ಲ. ನನಗೆ ಕೆನ್ನೆಗೆ ಹೊಡೆದಂತಾಯಿತು. ಇವರೇನಾ ಖರೇ ವಾಕ್ಯ ಬೇಕು ಎಂದವರು? ಖರೇ ವಾಕ್ಯ ಕಾಲಬುಡಕ್ಕೆ ಬಂದು ಬಿದ್ದರೆ, ಬರೋಬರಿ ಇದೆ ಎಂದು ಮಾರ್ಕು ಕೊಡುತ್ತಾರಲ್ಲ! ನಾನು ಕುಳಿತುಬಿಟ್ಟೆ.

ಆಗ ಅತ್ತೆ ಮೆಂತ್ಯೆಯ ಕಟ್ಟನ್ನು ಬದಿಗಿಟ್ಟರು. "ನನಗ ತಿಳೀತಪಾ ಆಕಿ ಅಂದಿದ್ದು," ಎಂದರು. "ನೀ ಹೇಳ್ತಿ ಏನ್ ಇಲ್ಲ ನೋಡೂಣು ಅಂತ ಕೇಳಿದೆ."

ಮಾಮಾ ಒರೆಸುವುದನ್ನು ನಿಲ್ಲಿಸಿದರು.

"ಆವತ್ತೂ ಹಿಂಗ ಕುಂತಿದ್ದಿ. ನಾ ಏಳನೇ ಇಯತ್ತೆ ಪಾಸಾದೆ. ಸಾಲಿ ಮಾಸ್ತರು ಮನಿತನಕ ಬಂದು, ಹುಡುಗಿ ಶಾಣ್ಯಾ ಅದಾಳ್ರಿ, ಬಿಡಿಸಬ್ಯಾಡ್ರಿ ಅಂತ ಕೈ ಮುಗದ್ರು. ಅಪ್ಪಾ ನಿನ್ನ ಕಡೆ ತಿರುಗಿ, ಏನಪಾ, ಕಾಲೇಜಿಗೆ ಹೋಗಾಂವ, ನೀ ಏನಂತಿ ಅಂದಾ. ನಾ ಬಾಗಲ ಸಂದ್ಯಾಗ ನಿಂತಿದ್ದೆ. ನೀ ಏನಂದಿ? ನಿಮಗ ಹೆಂಗ ಅನಸ್ತೈತೊ ಹಂಗ ಮಾಡ್ರಿ ಅಂದಿ. ಅಪ್ಪಾ ನಿನ್ನ ಮಾತು ಮೀರ್ತಿದ್ದಿಲ್ಲ ಅಣ್ಣಾ. ಅದು ನನಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು."

ಮಾಮಾ, "ತಂಗೀ" ಎಂದರು.

"ಯೂ ಕುಡ್, ಅಣ್ಣಾ," ಎಂದರು ಅತ್ತೆ. "ಯೂ ಡಿಡ್ ನಾಟ್."

ನಾನು ಬೆಚ್ಚಿಬಿದ್ದೆ. ಅಣ್ಣನ ಧ್ವನಿ ಕೇಳುತ್ತೇನೆ ಎಂದು ಇಷ್ಟು ವರ್ಷ ಬಾಗಿಲಲ್ಲಿ ಕುಳಿತಿದ್ದ ಹೆಂಗಸು, ನಿನ್ನ ಕೈಲಾಗುತ್ತಿತ್ತು, ನೀನು ಮಾಡಲಿಲ್ಲ ಎಂದು ಇಂಗ್ಲಿಷಿನಲ್ಲಿ ಅಣ್ಣನಿಗೇ ಹೇಳಿದ್ದರು. ತೆಲುಗು ಅಕ್ಕ ಸದ್ದಿಲ್ಲದೆ ಎದ್ದು ಹೋದಳು. ಅತ್ತೆ ಮಂಡಿಗೆ ಕೈಕೊಟ್ಟು ಏಳುತ್ತ ನನ್ನ ಕಡೆ ನೋಡದೆಯೇ, "ಬುಧವಾರ ಹೋಗು. ಯಾರರೆ ಕೇಳಿದ್ರ ನಮ್ಮತ್ತಿ ಕಳಸ್ಯಾಳ ಅನ್ನು" ಎಂದರು. ನನಗೆ ಸಂತೋಷಪಡಲೂ ಆಗಲಿಲ್ಲ. ನನ್ನ ಪರವಾಗಿ ಇರುತ್ತಾರೆ ಎಂದುಕೊಂಡವರು ಜಾರಿದ್ದರು, ಎದುರು ನಿಂತವರೇ ಬಾಗಿಲು ತೆಗೆದಿದ್ದರು. ಯಾರ ಕಾಲು ಮುಟ್ಟಬೇಕು, ಯಾರ ಮೇಲೆ ಸಿಟ್ಟಾಗಬೇಕು, ಒಂದೂ ಹೊಳೆಯದೆ ಅಲ್ಲೇ ಚೆಲ್ಲಿದ್ದ ಮೆಂತ್ಯೆ ಎಲೆ ಆಯುತ್ತ ಕುಳಿತೆ.

ಬುಧವಾರ ಬೆಳಿಗ್ಗೆ ನಾನು ಹೊರಡುವಾಗ ಮಾಮಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನಲ್ಲಿ ನಿಂತಿದ್ದರು. ಬರುತ್ತೇನೆ ಎಂದೂ ಹೇಳಲಿಲ್ಲ, ಬರಲೇ ಎಂದೂ ಕೇಳಲಿಲ್ಲ. ಬಸ್ಸಿನಲ್ಲಿ ನಾನು ಹೆಂಗಸರ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕುಳಿತೆ. ಮೆಹದಿಪಟ್ಟಣದಲ್ಲಿ ಬಸ್ಸು ಬದಲಿಸುವಾಗ ಅವರು ಪಕ್ಕದಲ್ಲಿ ನಿಂತು ರಸ್ತೆ ನೋಡುತ್ತಲೇ ಹೇಳಿದರು: "ನಾ ಅಂಜುಬುರಕ ಅದೀನವಾ. ಸಣ್ಣಾಂವ ಇದ್ದಾಗಿಂದ. ಮಂದಿ ಮುಂದ ಬ್ಯಾಡ ಅನ್ನಬೇಕಾದ್ರ ನನಗ ನಾಲಿಗಿ ಕಚ್ಚಿ ಹಿಡದಂಗ ಆಗ್ತೈತಿ. ಪಾಠದಾಗ ಅಂತೀನಿ, ಅಲ್ಲಿ ಯಾರೂ ಸಿಟ್ಟಾಗೂದಿಲ್ಲಲ್ಲ." ಬಸ್ಸು ಬಂತು, ನಾನು ಹಿಂತಿರುಗಿ ನೋಡದೆ ಹತ್ತಿದೆ. ಇಂಟರ್ವ್ಯೂ ಮುಗಿಸಿ ಬರುವಷ್ಟರಲ್ಲಿ ಅವರು ಕಂಪನಿಯ ಗೇಟಿನ ಎದುರು ಬಿಸಿಲಲ್ಲೇ ನಿಂತಿದ್ದರು. ಅಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳನ್ನೆಲ್ಲ ಹೇಳಿಸಿಕೊಂಡರು, ಉತ್ತರಗಳನ್ನು ಹೇಳಿಸಿಕೊಂಡರು, ಒಂದು ಕಡೆ ವುಡ್ ಅಂದಿದ್ದರೆ ಚಲೋ ಇತ್ತು ಎಂದರು. ನನಗೆ ನಗು ಬಂತು. ಕೆಲಸವೂ ಸಿಕ್ಕಿತು.

ಅತ್ತೆ ಮಾತ್ರ ಅಂದಿನಿಂದ ಅಣ್ಣನ ಜೊತೆ ಮಾತು ಬಿಟ್ಟರು. ಕೆಳಗೆ ತಾಟು ಹೋಗುತ್ತಿತ್ತು, ರೊಟ್ಟಿ ಬಿಸಿ ಇರುತ್ತಿತ್ತು, ಶೇಂಗಾ ಹಿಂಡಿ, ಮೊಸರು ಒಂದೂ ತಪ್ಪಲಿಲ್ಲ. ಮಾತು ಮಾತ್ರ ಹೋಗುತ್ತಿರಲಿಲ್ಲ. ಮಾಮಾ ಮೆಟ್ಟಿಲ ಬಳಿ ಬಂದು ನಿಂತರೆ ಅತ್ತೆ ಒಳಗೆ ಹೋಗುತ್ತಿದ್ದರು. ಇಂಥ ಹಟ ನಮ್ಮ ಕಡೆಯ ಹೆಂಗಸರಿಗೇ ಬರುತ್ತದೆ. ನಾನೂ ಅದೇ ಮಣ್ಣಿನವಳಾದರೂ ನನ್ನ ಸಿಟ್ಟು ಮೊದಲ ಸಂಬಳದ ಹೊತ್ತಿಗೆ ಇಳಿದುಹೋಗಿತ್ತು. ದಿನವೂ ಫೋನಿನಲ್ಲಿ ಯಾರ್ಯಾರೋ ರೇಗುತ್ತಿದ್ದರು, ನಾನು ಮಾಮಾ ಕಲಿಸಿದ ಕುಡ್, ವುಡ್ ಹಾಕಿ ಅವರನ್ನು ತಣ್ಣಗೆ ಮಾಡುತ್ತಿದ್ದೆ. ಮಾಮಾನ ಮೇಲೆ ಎಷ್ಟಂತ ಸಿಟ್ಟಿಟ್ಟುಕೊಳ್ಳಲಿ?

ಕ್ಲಾಸು ನಡೆದೇ ಇತ್ತು. ಆ ವರ್ಷ ಸಿಕಂದರಾಬಾದಿನ ದೊಡ್ಡಪ್ಪನ ಮನೆತನದ ಮೊಮ್ಮಗಳು ರವಿವಾರ ಬರತೊಡಗಿದಳು. ಫಾರ್ಮಸಿ ಓದುತ್ತಿದ್ದ ಹುಡುಗಿ, ಇಂಗ್ಲಿಷಿನಲ್ಲಿ ಮಾತಾಡಲು ಅಳುಕುತ್ತಿದ್ದಳು. ಅವಳು ಒಂದು ದಿನ ಮಾಮಾನ ಮುಂದೆ ಹೇಳಿದ ಖರೇ ವಾಕ್ಯವನ್ನು ನಾನೂ ಕೇಳಿದೆ. ನಾನು ಕೋರ್ಸು ಮುಗಿಸಲೇಬೇಕು, ಮನೆಯವರು ಬಿಡಿಸಬಾರದು, ಎಂದು ಹೇಳಿ ತಲೆ ತಗ್ಗಿಸಿದಳು. ಮಾಮಾ ಆ ದಿನ ವಾಕ್ಯ ಬರೋಬರಿ ಇದೆ ಎನ್ನಲಿಲ್ಲ.

ಬೇಸಿಗೆ ಮುಗಿಯುವ ಮುಂಚೆ ಅವಳ ನಿಶ್ಚಯ ಇಟ್ಟುಕೊಂಡರು. ಗಂಡಿನ ಕಡೆಯವರಿಗೆ ಹುಡುಗಿ ಮುಂದೆ ಓದುವುದು ಬೇಕಿರಲಿಲ್ಲ. ಅತ್ತೆಗೆ ಮಂಡಿನೋವು, ಗಂಡನಿಗೆ ಅಂಗಡಿ. ಮಾಮಾನ ಜೊತೆ ನಾನೊಬ್ಬಳೇ ಸಿಕಂದರಾಬಾದಿಗೆ ಹೋದೆ. ನಮ್ಮಲ್ಲಿ ನಿಶ್ಚಯದ ದಿನ ವೀಳ್ಯ ಬದಲಿಸುವ ಮುನ್ನ ಮನೆಯ ಯಜಮಾನರು ಕೂಡಿದ ಹಿರಿಯರನ್ನು ಕೇಳುವ ಪದ್ಧತಿ ಇದೆ. ಬರೀ ಕೇಳುವುದು ಅಷ್ಟೇ. ಎಲ್ಲರೂ ಹ್ಞೂಂ ಎನ್ನುತ್ತಾರೆ, ಸಕ್ಕರೆ ಹಂಚುತ್ತಾರೆ. ಅಂದೂ ಯಜಮಾನರು ಕೈಯಲ್ಲಿ ಎಲೆ ಅಡಿಕೆಯ ತಟ್ಟೆ ಹಿಡಿದು, "ಎಲ್ಲಾರದೂ ಒಪ್ಪಿಗಿ ಐತೇನ್ರಿ?" ಎಂದರು. ಹ್ಞೂಂರಿ, ಹ್ಞೂಂರಿ ಎಂದು ಸಾಲಾಗಿ ಬಂತು. ಮಾಮಾನ ಹತ್ತಿರ ಬಂದು ನಿಂತಿತು.

"ಇಲ್ಲರಿ," ಎಂದರು ಮಾಮಾ. "ನನ್ನ ಒಪ್ಪಿಗಿ ಇಲ್ಲ."

ನಾನು ಹೆಂಗಸರ ಸಾಲಿನಲ್ಲಿದ್ದೆ. ಕೈಯಲ್ಲಿದ್ದ ನೀರಿನ ಲೋಟ ಸೀರೆಯ ಮೇಲೆ ಮಗುಚಿದ್ದೂ ನನಗೆ ತಿಳಿಯಲಿಲ್ಲ. ಮಾಮಾ ಎದ್ದು ನಿಂತಿದ್ದರು. ಮುಂದಿನ ಕುರ್ಚಿಯ ಬೆನ್ನು ಹಿಡಿದಿದ್ದರು. "ಹುಡುಗಿ ಓದಬೇಕಂತಾಳ. ಆಕಿನ್ನ ಯಾರೂ ಕೇಳಿಲ್ಲ. ಆಕಿ ಓದು ಮುಗಿಸಬೇಕು. ಈ ವೀಳ್ಯ ಇವತ್ತ ಬದಲ ಮಾಡಬಾರದು."

ನಮ್ಮ ಮಂದಿಯಲ್ಲಿ ನಿಶ್ಚಯದ ಹೊತ್ತಿಗೆ ಹಿರಿಯನೊಬ್ಬ ಇಲ್ಲ ಎಂದರೆ ಅಪಶಕುನ. ಅದನ್ನು ಮೀರಿ ಯಾರೂ ಮುಂದೆ ಹೋಗುವುದಿಲ್ಲ. ಅದಕ್ಕೇ ಯಾರೂ ಇಲ್ಲ ಎನ್ನುವುದೂ ಇಲ್ಲ. ಗಂಡಿನ ಕಡೆಯವರು ಎದ್ದರು. ಯಾರೋ, "ಮುದುಕಗ ತಲಿ ಕೆಟ್ಟೈತಿ, ಹೊರಗ ಕರಕೊಂಡು ಹೋಗ್ರಿ" ಎಂದರು. ಯಜಮಾನರು ಬೈಯಲಿಲ್ಲ. ತಟ್ಟೆಯನ್ನು ಕೆಳಗಿಟ್ಟು, "ಇನ್ನ ನಿಮ್ಮ ನಮ್ಮ ಹೊಸ್ತಲಾ ಮುಗೀತು" ಎಂದು ಒಳಗೆ ಹೋದರು. ನಾನು ಮಾಮಾನ ತೋಳು ಹಿಡಿದು ಹೊರಗೆ ಕರೆತಂದೆ. ಮೈ ಬೆವರಿನಿಂದ ತೊಯ್ದು ತಣ್ಣಗಿತ್ತು. ಆಟೋದಲ್ಲಿ ಮೆಲ್ಲಗೆ ಕೇಳಿದರು: "ನಾ ಅಂದಿದ್ದು ಎಲ್ಲಾರಿಗೂ ಕೇಳಿಸ್ತೇನವಾ? ಧ್ವನಿ ಸಣ್ಣ ಆಗಿದ್ದಿಲ್ಲಲಾ?"

"ಎಲ್ಲಾರಿಗೂ ಕೇಳಿಸ್ತು ಮಾಮಾ," ಎಂದೆ. ನನಗೆ ಅಳು ತಡೆಯಲಾಗಲಿಲ್ಲ.

ಮನೆಗೆ ಬಂದವಳೇ ಅತ್ತೆಗೆ ಎಲ್ಲ ಹೇಳಿದೆ. ಅವರು ಕೇಳಿ, ಕೇಳಿ, ಕೊನೆಗೆ ಬಾಯಿ ಸೊಟ್ಟ ಮಾಡಿ ನಕ್ಕರು. "ನಮ್ಮಣ್ಣ? ಸಿಕಂದರಾಬಾದಿನವರ ಮುಂದ? ಸುಳ್ಳು ಹೇಳಬ್ಯಾಡವಾ. ನಿಮ್ಮ ಗುರುಗಳ ಜೋಡಿ ನಾ ಮಾತಾಡಲಿ ಅಂತ ಹೇಳಾಕತ್ತಿ. ನಿಶ್ಚಯ ಮುರದಿದ್ರ ಬ್ಯಾರೆ ಏನರೆ ಕಾರಣ ಇರ್ತೈತಿ." ನಾನು ದೇವರ ಮೇಲೆ ಆಣೆ ಮಾಡಿದೆ. ಆಣೆಯನ್ನೂ ನಂಬಲಿಲ್ಲ. ಸಿಕಂದರಾಬಾದಿನವರು ಫೋನು ಮಾಡಿ ಬೈದಿದ್ದರೆ ನಂಬುತ್ತಿದ್ದರೇನೋ. ಅವರು ಬೈಯಲೂ ಇಲ್ಲ, ಪೂರ್ತಿ ಬಾಯಿ ಮುಚ್ಚಿಕೊಂಡರು. ಆಷಾಢ ಬಂದಿತ್ತು, ಯಾರ ಮನೆಯಲ್ಲೂ ಕಾರ್ಯವಿರಲಿಲ್ಲ, ಕರೆಯದೇ ಬಿಟ್ಟರು ಎಂದು ತಿಳಿಯಲೂ ದಾರಿ ಇರಲಿಲ್ಲ. ಮಾಮಾ ತಾವಾಗಿ ಹೋಗಿ ತಂಗಿಗೆ ಹೇಳಬಹುದಿತ್ತು. ಹೇಳ್ರಿ ಎಂದರೆ, "ನಾ ಮಾಡಿದ್ದು ನಾನ ಹೆಂಗ ಹೇಳಲಿ?" ಎಂದು ನಾಚಿಕೊಂಡರು.

ಆ ಆಷಾಢ ದಾಟಲಿಲ್ಲ. ಒಂದು ಬೆಳಿಗ್ಗೆ ಗಂಡ ಚಹಾ ಒಯ್ದರೆ ಮಾಮಾ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ನಾನು ಡ್ಯೂಟಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದೆ. ಕೆಳಗಿನಿಂದ ಗಂಡನ ಧ್ವನಿ ಕೇಳಿ ಓಡಿದೆ. ನನಗೆ ಇಂಗ್ಲಿಷನ್ನು ಕೊಟ್ಟ ಮನುಷ್ಯ, ನನ್ನನ್ನು ಕೈಬಿಟ್ಟ ಮನುಷ್ಯ, ಮತ್ತೆ ಇಡೀ ಮನೆತನದ ಎದುರು ಒಬ್ಬಳು ಹುಡುಗಿಗಾಗಿ ಎದ್ದು ನಿಂತ ಮನುಷ್ಯ ಹೀಗೆ ಯಾರಿಗೂ ಏನೂ ಹೇಳದೆ ಹೊರಟುಹೋದರಲ್ಲ ಎಂದು ನಾನು ಕಲ್ಲಿನಂತೆ ನಿಂತೆ. ಇವತ್ತಿಗೂ ನನಗೆ ಅದನ್ನು ನಂಬಲು ಕಷ್ಟ. ನಾನು ಈಗ ಹೊಸಬರಿಗೆ ಫೋನಿನಲ್ಲಿ ಮಾತಾಡಲು ತರಬೇತಿ ಕೊಡುತ್ತೇನೆ. ಆ ಕೆಲಸವೂ, ಕೈಗೆ ಬರುವ ಸಂಬಳವೂ, ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಧೈರ್ಯವೂ ಅವರ ಋಣ. ತೀರಿಸಲು ಬರುವಂಥದ್ದಲ್ಲ.

ನಮ್ಮ ಮಂದಿಯಲ್ಲಿ ಎಷ್ಟೇ ಜಗಳವಿರಲಿ, ಆಸ್ತಿಯ ಕೋರ್ಟು ಕಚೇರಿ ನಡೆದಿರಲಿ, ಮಣ್ಣಿಗೆ ಬರುತ್ತಾರೆ. ಮದುವೆಗೆ ಬರದವರೂ ಮಣ್ಣಿಗೆ ಬರುತ್ತಾರೆ. ಹೈದರಾಬಾದಿನ ಯಾವ ಮೂಲೆಯಲ್ಲಿದ್ದರೂ ಸುದ್ದಿ ಮುಟ್ಟಿದರೆ ಹಾರ ತೆಗೆದುಕೊಂಡು ಓಡಿಬರುತ್ತಾರೆ, ಹಿರಿಯರು ಕೂಡಿದ ಮೇಲೆಯೇ ಎತ್ತುವುದು. ಅತ್ತೆ ಅಣ್ಣನ ತಲೆಯ ಬಳಿ ಕುಳಿತರು. ಅಳಲಿಲ್ಲ. ಮುಖ ಬಿಗಿದುಕೊಂಡೇ ಇದ್ದರು. ಕಟ್ಟಡದ ತೆಲುಗರು ಬಂದರು, ಇರಾನಿ ಹೋಟೆಲಿನವರು ಬಂದರು, ಕಚೇರಿಯ ಹಳೆಯ ಜೊತೆಗಾರರು ಬಂದರು, ಹಳೆಯ ವಿದ್ಯಾರ್ಥಿಗಳು ಬಂದರು. ನಮ್ಮವರು ಮಾತ್ರ ಒಬ್ಬರೂ ಇಲ್ಲ. ಮಧ್ಯಾಹ್ನವಾಯಿತು. ಅತ್ತೆ ಬಾಗಿಲ ಕಡೆಗೇ ನೋಡುತ್ತಿದ್ದರು.

"ಸಿಕಂದರಾಬಾದಿನವರು ಎಲ್ಲೀತನ ಬಂದಾರಂತ?" ಎಂದು ಮಗನನ್ನು ಕೇಳಿದರು.

"ಫೋನ್ ಎತ್ತಾಕತ್ತಿಲ್ಲ ಅವ್ವಾ. ಸುದ್ದಿ ಮುಟ್ಟೈತಿ."

"ಬಾಕಿ ಮಂದಿ?"

ಗಂಡ ತಲೆ ತಗ್ಗಿಸಿದರು. "ಅವರು ಬರೂದಿಲ್ಲ ಅಂದ್ರ ಬಾಕಿಯವರೂ ಬರೂದಿಲ್ಲ."

ಆಗ ಬಾಗಿಲಲ್ಲಿ ಒಬ್ಬಳು ಹುಡುಗಿ ಬಂದು ನಿಂತಳು. ಆ ಮೊಮ್ಮಗಳು. ಮನೆಯವರೆಲ್ಲ ಬೇಡವೆಂದರೂ ಸಿಕಂದರಾಬಾದಿನಿಂದ ಸಿಟಿ ಬಸ್ಸು ಹಿಡಿದು ಒಬ್ಬಳೇ ಬಂದಿದ್ದಳು, ಕಾಲೇಜಿನ ಬಿಳಿ ಕೋಟು ಕೈಯಲ್ಲೇ ಇತ್ತು. ಒಳಗೆ ಬಂದವಳೇ ಮಾಮಾನ ಕಾಲಿಗೆ ತಲೆ ಹಚ್ಚಿ ಬಿಕ್ಕತೊಡಗಿದಳು. ಅತ್ತೆ ಅವಳನ್ನು ನೋಡಿದರು. ಖಾಲಿ ಬಿದ್ದ ಜಮಖಾನೆಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀ ಹೇಳಿದ್ದು ಖರೇನ ಏನ?"

"ಖರೇರಿ ಅತ್ತಿ."

ಅತ್ತೆಯ ಬಿಗಿದ ಮುಖ ಒಮ್ಮೆಲೇ ಒಡೆಯಿತು. ಎರಡೂ ಕೈಯಿಂದ ಅಣ್ಣನ ಮುಖ ಹಿಡಿದುಕೊಂಡು, "ಮಣ್ಣಿಗೂ ಬರಲಾರದಷ್ಟು ಸಿಟ್ಟು ಬರೂಹಂಗ ಮಾತಾಡಿಯಪಾ ಅಣ್ಣಾ," ಎಂದರು. "ನನಗ ಹೇಳಲಿಲ್ಲಲಾ." ಎಷ್ಟೋ ತಿಂಗಳ ಮೇಲೆ ಅವರು ಅಣ್ಣನ ಜೊತೆ ಮಾತಾಡಿದ್ದರು. ಅವರು ಬಹಳ ಹೊತ್ತು ಅತ್ತರು. ಆಮೇಲೆ ಸೆರಗಿನಿಂದ ಮೊದಲು ಅಣ್ಣನ ಹಣೆ ಒರೆಸಿ, ನಂತರ ತಮ್ಮ ಕಣ್ಣು ಒರೆಸಿಕೊಂಡು, ಬಾಗಿಲಲ್ಲಿ ಕಾಯುತ್ತಿದ್ದ ಗಂಡಸರ ಕಡೆ ನೋಡಿದರು.

"ಇನ್ನ ಯಾರ ಸಲುವಾಗಿನೂ ಕಾಯೂದು ಬ್ಯಾಡ," ಎಂದರು. "ಎತ್ತರಿ ನಮ್ಮಣ್ಣನ್ನ."